ಶೆಲ್ಟರಿನಿಂದ ನಾಯಿ, ಬೆಕ್ಕು ದತ್ತು ತರುವವರಿಗೆ, ತರಲಾಗದವರಿಗೂ

ನೋ-ಕಿಲ್ ಶೆಲ್ಟರ್ ಎಂದು ಈಗ ನಮ್ಮಲ್ಲೂ ಬಳಕೆಗೆ ಬಂದಿರುವ ಹೆಸರು, ಜಾಗ ಸಾಲದು, ವಯಸ್ಸಾಯಿತು, ಕಾಲು ಮುರಿದಿದೆ, ಯಾರೂ ಕೇಳಿಕೊಂಡು ಬರಲಿಲ್ಲ ಎಂಬಂಥ ಕಾರಣಗಳಿಗೆ ಯಾವ ಪ್ರಾಣಿಯನ್ನೂ ಸಾಯಿಸದ ಆಶ್ರಯಧಾಮಕ್ಕೆ ಸಲ್ಲುತ್ತದೆ. ಗುಣವಾಗುವ ಆಸೆಯೇ ಇಲ್ಲದೆ ನರಳುತ್ತಿರುವ ಪ್ರಾಣಿಗೆ ಪಶುವೈದ್ಯರು ದಯಾಮರಣ ನೀಡುವುದನ್ನು ಇಂಥ ಸಂಸ್ಥೆಗಳೂ ನಿರಾಕರಿಸುವುದಿಲ್ಲ. ಭಾರತದಲ್ಲಿ ಬೀದಿನಾಯಿಗಳ ಮಟ್ಟಿಗೆ ನಿಯಮಗಳೂ ಇದೇ ದಿಕ್ಕಿನಲ್ಲಿವೆ. 2001ರಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಅವುಗಳ ಜಾಗದಲ್ಲಿ 2023ರಲ್ಲಿ ಜಾರಿಗೆ ಬಂದ ಹೊಸ ನಿಯಮಗಳು, ನಾಯಿಗಳನ್ನು ಕೊಂದು ಸಂಖ್ಯೆ ಇಳಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಮರಳಿ ಬಿಡುವ ಕ್ರಮವನ್ನು ತಂದವು.

ಕೊಲ್ಲುವುದಿಲ್ಲ ಎಂಬ ಈ ನಿರ್ಧಾರದಿಂದ ಹುಟ್ಟುವ ಒಂದು ಸರಳ ಲೆಕ್ಕವನ್ನು ದತ್ತು ಪಡೆಯಲು ಹೊರಟವರು ಮೊದಲೇ ತಿಳಿದಿರುವುದು ಒಳ್ಳೆಯದು. ಬೀದಿಗೆ ಮರಳಿ ಬಿಡಲಾಗದ ಕುರುಡು ನಾಯಿ, ಸೊಂಟ ಬಿದ್ದ ನಾಯಿ, ಸಾಕಿದವರು ಕೈಬಿಟ್ಟ ತಳಿನಾಯಿ, ತಾಯಿಯನ್ನು ಕಳೆದುಕೊಂಡ ಬೆಕ್ಕಿನ ಮರಿ, ಇವು ಶೆಲ್ಟರಿನಿಂದ ಹೊರಹೋಗಲು ದತ್ತು ಬಿಟ್ಟರೆ ಬೇರೆ ದಾರಿಯಿಲ್ಲ. ಒಂದು ಗೂಡು ಖಾಲಿಯಾಗದೆ ಮುಂದಿನ ಗಾಯಾಳು ಒಳಗೆ ಬರುವಂತಿಲ್ಲ. 2023ರ ಗಣತಿಯಲ್ಲಿ ಬೆಂಗಳೂರೊಂದರಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇದರ ಜೊತೆಗೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಶೆಲ್ಟರಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ಮೇಲೆ ಜಾಗದ ಒತ್ತಡ ಇನ್ನೂ ಹೆಚ್ಚಿದೆ. ಆದ್ದರಿಂದ ದತ್ತು ಕೊಂಡರೂ, ಹಣ ಕೊಟ್ಟರೂ, ಕೈಕೆಲಸಕ್ಕೆ ನಿಂತರೂ, ನನ್ನಿಂದ ಒಂದು ಜಾಗ ಖಾಲಿಯಾಗುತ್ತದೆಯೇ, ಖಾಲಿಯಾದದ್ದು ಹಾಗೆಯೇ ಉಳಿಯುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಳತೆಗೋಲು.

ಮೊದಲು ಶೆಲ್ಟರನ್ನೇ ನೋಡಿ ಬನ್ನಿ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿನಲ್ಲಿ ಕಟ್ಟಿದ ಕ್ಯೂಪಾ, ಮೂರು ಕಾಲಿನ ಚಾರ್ಲಿ ಎಂಬ ನಾಯಿಯ ಹೆಸರನ್ನೇ ಹೊತ್ತಿರುವ ಯಲಹಂಕ ಕಡೆಯ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಹೀಗೆ ರಾಜ್ಯದ ದೊಡ್ಡ ಊರುಗಳಲ್ಲಿ ಹೆಸರಾದ ಸಂಸ್ಥೆಗಳಿವೆ. ಹೆಸರಿಲ್ಲದೆ ಮನೆಯ ಹಿತ್ತಲಲ್ಲೇ ಹತ್ತಾರು ಜೀವಗಳನ್ನು ಸಲಹುವವರೂ ಇದ್ದಾರೆ. ಫಲಕದ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ನೀವು ಕೇಳಿದ್ದಕ್ಕೆ ಎಂಥ ಉತ್ತರ ಬರುತ್ತದೆ ಎಂಬುದು ಮುಖ್ಯ. ದಯಾಮರಣವನ್ನು ಯಾವ ಸ್ಥಿತಿಯಲ್ಲಿ, ಯಾರ ತೀರ್ಮಾನದ ಮೇಲೆ ನೀಡುತ್ತೀರಿ, ಹೊಸದಾಗಿ ಬಂದ ಪ್ರಾಣಿಯನ್ನು ಎಷ್ಟು ದಿನ ಪ್ರತ್ಯೇಕವಾಗಿ ಇಡುತ್ತೀರಿ, ದತ್ತು ಹೊಂದಿಕೆಯಾಗದಿದ್ದರೆ ಮರಳಿ ತೆಗೆದುಕೊಳ್ಳುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ. ಕೊಲ್ಲುವುದಿಲ್ಲವೆಂದು ಹೇಳಿಕೊಂಡು ಒಂದೇ ಕೋಣೆಯಲ್ಲಿ ಲೆಕ್ಕವಿಲ್ಲದಷ್ಟು ನಾಯಿಗಳನ್ನು ತುಂಬಿ, ಅವು ಕಚ್ಚಾಡಿಕೊಂಡು, ಸೋಂಕು ಹತ್ತಿಸಿಕೊಂಡು ಸಾಯುವುದನ್ನು ನೋಡುತ್ತ ಕೂರುವ ಜಾಗವನ್ನು ಶೆಲ್ಟರ್ ಎನ್ನಲು ನನಗೆ ಮನಸ್ಸಿಲ್ಲ. ಜಾಗವಿಲ್ಲದಾಗ ಇಲ್ಲವೆಂದು ಹೇಳುವ ಸಂಸ್ಥೆ ಕಠೋರವಾಗಿ ಕಂಡರೂ ಒಳಗಿರುವ ಪ್ರಾಣಿಗಳ ಮಟ್ಟಿಗೆ ಅದೇ ಪ್ರಾಮಾಣಿಕವಾದದ್ದು.

ಮನೆಯ ಕಡೆಯ ತಯಾರಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಮನೆಮಂದಿಯ ಒಪ್ಪಿಗೆ. ಮಕ್ಕಳ ಹಟಕ್ಕೆ ತಂದ ನಾಯಿ ಕೊನೆಗೆ ಅಜ್ಜಿಯ ಅಥವಾ ಅಮ್ಮನ ಪಾಲಿಗೇ ಬೀಳುವುದು ಎಲ್ಲ ಮನೆಗಳಲ್ಲೂ ಕಾಣುವ ಸಂಗತಿಯಾದ್ದರಿಂದ ಅವರ ಮಾತನ್ನೇ ಮೊದಲು ಕೇಳಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅಪಾರ್ಟ್‌ಮೆಂಟಿನ ಸಂಘವು ಸಾಕುನಾಯಿಯನ್ನೇ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೂ ಬೆಲ್ಟು ಹಾಕಿ ನಡೆಸುವುದು, ಮಲವನ್ನು ಎತ್ತುವುದು ಮುಂತಾದ ಸಂಘದ ನ್ಯಾಯವಾದ ನಿಯಮಗಳನ್ನು ಪಾಲಿಸಿದರೆ ಆ ಮಾರ್ಗಸೂಚಿಯನ್ನು ತೋರಿಸುವ ಸಂದರ್ಭವೇ ಬಾರದು. ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ, ಮನೆಯೊಳಗೇ ಇರುವ ಬೆಕ್ಕು ಇನ್ನೂ ಹೆಚ್ಚು. ಆ ಅವಧಿಯಲ್ಲಿ ಬರುವ ಮದುವೆ, ಹೆರಿಗೆ, ವರ್ಗಾವಣೆ, ವಿದೇಶದ ಕೆಲಸ ಇವುಗಳನ್ನೆಲ್ಲ ಈಗಲೇ ಯೋಚಿಸಿ, ನೀವು ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಒಂದು ಹೆಸರನ್ನು ಸಿದ್ಧವಾಗಿ ಇಟ್ಟುಕೊಳ್ಳಿ. ಶೆಲ್ಟರಿನ ಅರ್ಜಿಯಲ್ಲೂ ಈ ಪ್ರಶ್ನೆ ಇರುವುದುಂಟು.

ಯಾವ ಪ್ರಾಣಿಯನ್ನು ಆರಿಸಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹಗಲೆಲ್ಲ ಮನೆಯಲ್ಲಿ ಯಾರಾದರೂ ಇರದಿದ್ದರೆ ಮರಿಯನ್ನು ತರಬೇಡಿ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು, ಗಂಟೆ ಗಂಟೆಗೂ ಮೂತ್ರಕ್ಕೆ ಕರೆದೊಯ್ಯಬೇಕು, ಅದು ಚಪ್ಪಲಿಯಿಂದ ಹಿಡಿದು ಚಾರ್ಜರಿನವರೆಗೆ ಎಲ್ಲವನ್ನೂ ಕಡಿಯುತ್ತದೆ, ದೊಡ್ಡದಾದ ಮೇಲೆ ಅದರ ಗಾತ್ರವೇನು, ಸ್ವಭಾವವೇನು ಎಂಬುದನ್ನು ಈಗ ಯಾರೂ ಹೇಳಲಾರರು. ಎರಡು ಮೂರು ವರ್ಷದ ನಾಯಿಯ ಬಗ್ಗೆಯಾದರೋ ಅದನ್ನು ದಿನವೂ ನೋಡುವ ಪಾಲಕರು ಎಲ್ಲವನ್ನೂ ತಿಳಿಸಬಲ್ಲರು: ಮಕ್ಕಳೊಂದಿಗೆ ಹೇಗೆ, ಬೆಕ್ಕನ್ನು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಬಿಟ್ಟರೆ ಕೂಗುತ್ತದೆಯೇ. ಕಂತ್ರಿ ಎಂದು ಜನ ಹಳಿಯುವ, ಈಗ ಇಂಡಿ ಎಂದು ಪ್ರೀತಿಯಿಂದ ಕರೆಸಿಕೊಳ್ಳುವ ನಮ್ಮ ಊರ ನಾಯಿಗೆ ನಮ್ಮ ಬಿಸಿಲು ಒಗ್ಗಿದೆ, ರೋಮ ಗಿಡ್ಡ. ಅದೇ ಶೆಲ್ಟರಿನಲ್ಲಿ ಕಾಣಸಿಗುವ, ಚಳಿನಾಡಿನ ತಳಿಗಳಾದ ಹಸ್ಕಿಯನ್ನೋ ಸೇಂಟ್ ಬರ್ನಾರ್ಡನ್ನೋ ತರುವವರು, ಹಿಂದಿನ ಮಾಲೀಕರು ಅದನ್ನು ಏಕೆ ಬಿಟ್ಟರು ಎಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು. ಅದನ್ನು ಬಿಟ್ಟುಹೋಗುವಂತೆ ಮಾಡಿದ ಕಷ್ಟ ನಿಮ್ಮ ಮನೆಯಲ್ಲೂ ಇರುತ್ತದೆ. ಬೆಕ್ಕಿನ ಮರಿಗಳಾದರೆ ಒಡಹುಟ್ಟಿದ ಎರಡನ್ನು ಒಟ್ಟಿಗೆ ತರುವುದು ವಾಸಿ. ಒಂದರ ಆಟಕ್ಕೆ ಇನ್ನೊಂದು ಸಿಕ್ಕುವುದರಿಂದ ನಿಮ್ಮ ಕೈಕಾಲು ಉಳಿಯುತ್ತವೆ.

ದತ್ತು ಕೊಡುವ ಮೊದಲು ಸಂಸ್ಥೆಯವರು ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ, ಕೆಲವರು ಮನೆ ನೋಡಲು ಬರುತ್ತಾರೆ, ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದನ್ನು ಅವಮಾನವೆಂದು ತಿಳಿದು ಕೋಪಗೊಂಡು ಹೋಗುವವರಿದ್ದಾರೆ. ಅವರು ಹೋದದ್ದೇ ಒಳ್ಳೆಯದಾಯಿತು ಎನ್ನಬೇಕು. ಲಸಿಕೆಯ ಕಾರ್ಡು, ಜಂತುಹುಳುವಿನ ಔಷಧಿ ಕೊಟ್ಟ ದಿನಾಂಕ, ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ವಿವರ, ಈಗ ತಿನ್ನುತ್ತಿರುವ ಆಹಾರ, ಇವಿಷ್ಟನ್ನೂ ಕೇಳಿ ಪಡೆಯಿರಿ. ಮರಿಗೆ ಆರು ತಿಂಗಳು ತುಂಬಿದ ಮೇಲೆ ಸಂತಾನಹರಣ ಮಾಡಿಸುವ ಷರತ್ತು ಒಪ್ಪಂದದಲ್ಲಿರುತ್ತದೆ. ಒಂದು ಸಲ ಮರಿ ಹಾಕಲಿ ಆಮೇಲೆ ನೋಡೋಣ ಎಂದು ತಡಮಾಡಿದರೆ, ನೀವು ಖಾಲಿ ಮಾಡಿಸಿದ ಒಂದು ಜಾಗಕ್ಕೆ ಐದಾರು ಮರಿಗಳು ಬಂದು ನಿಲ್ಲುತ್ತವೆ. ನಾಯಿಗೆ ಪರವಾನಗಿ ಬೇಕೇ ಎಂಬುದನ್ನು ನಿಮ್ಮ ನಗರಪಾಲಿಕೆಯಲ್ಲಿ ವಿಚಾರಿಸಿಕೊಳ್ಳಿ.

ಮನೆಗೆ ತಂದ ಮೊದಲ ದಿನಗಳಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಸ್ನಾನ ಮಾಡಿಸಬೇಡಿ, ನೆಂಟರಿಷ್ಟರನ್ನು ಕರೆದು ತೋರಿಸಬೇಡಿ, ಎತ್ತಿ ಅಪ್ಪಿಕೊಳ್ಳಬೇಡಿ, ಮೂಲೆಯಲ್ಲಿ ಅಡಗಿದ್ದರೆ ಎಳೆಯಬೇಡಿ. ಒಂದು ಮೂಲೆಯಲ್ಲಿ ಹಾಸಿಗೆ, ನೀರು, ಊಟ ಇಟ್ಟು ಅದರ ಪಾಡಿಗೆ ಬಿಡಿ. ಗಾಬರಿ ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು ಎಂದು ಶೆಲ್ಟರಿನವರು ಹೇಳುವ ಲೆಕ್ಕ ಪ್ರತಿಯೊಂದು ಪ್ರಾಣಿಗೂ ಸರಿಹೊಂದದಿದ್ದರೂ, ಎರಡನೇ ದಿನವೇ ನಿರಾಶರಾಗುವವರನ್ನು ತಡೆಯಲು ಸಾಕು. ಹೊಸ ನಾಯಿ ಓಡಿಹೋಗುವುದು ಹೆಚ್ಚಾಗಿ ಈ ದಿನಗಳಲ್ಲೇ; ಹಾಲಿನವರು ಬಂದಾಗ ತೆರೆದ ಗೇಟು ಸಾಕಾಗುತ್ತದೆ. ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರಿನ ಬಿಲ್ಲೆಯನ್ನು ಮೊದಲ ದಿನವೇ ಹಾಕಿ, ದೀಪಾವಳಿಯ ಪಟಾಕಿ ಮತ್ತು ಗಣೇಶನ ಮೆರವಣಿಗೆಯ ದಿನಗಳಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಿಸಿ. ಬೆಕ್ಕನ್ನು ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಇಟ್ಟು, ಬಾಲ್ಕನಿಗೆ ಪಾರಿವಾಳ ತಡೆಯುವ ಬಲೆಯನ್ನು ಮುಂಚೆಯೇ ಕಟ್ಟಿಸಿ.

ಊಟವನ್ನು ಒಮ್ಮೆಲೇ ಬದಲಿಸಿದರೆ ಭೇದಿಯಾಗುತ್ತದೆ. ಶೆಲ್ಟರಿನಲ್ಲಿ ತಿನ್ನುತ್ತಿದ್ದುದನ್ನೇ ಕೊಡುತ್ತ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ನಿಮ್ಮ ಆಹಾರಕ್ಕೆ ತನ್ನಿ. ಬರೀ ಮೊಸರನ್ನದಲ್ಲಿ ಬೆಳೆದ ನಾಯಿಗೆ ಪ್ರೋಟೀನು ಸಾಲುವುದಿಲ್ಲ, ಮೊಟ್ಟೆ, ಬೇಯಿಸಿದ ಕೋಳಿ ಅಥವಾ ಒಳ್ಳೆಯ ತಯಾರಿ ಆಹಾರ ಜೊತೆಗಿರಬೇಕು, ಆದರೆ ಬೇಯಿಸಿದ ಮೂಳೆ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುವುದರಿಂದ ಅದನ್ನು ಕೊಡಬಾರದು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ ಹಾಕಿದ ಪಾಯಸ, ಚಾಕಲೇಟು ಇವು ನಾಯಿಗೆ ವಿಷ. ಜ್ವರವೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಯಲ್ಲಿ ಪ್ರಾಣ ಹೋಗಬಹುದು.

ಮೊದಲ ವಾರದಲ್ಲೇ ನಿಮ್ಮ ಪಶುವೈದ್ಯರಿಗೆ ತೋರಿಸಿ. ಮರಿನಾಯಿಗೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗುವ ಪಾರ್ವೋ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು, ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆ ಪೂರ್ಣವಾಗುವವರೆಗೆ ಬೀದಿಯ ನೆಲಕ್ಕೆ ಬಿಡಬೇಡಿ. ಹಿಂದೆ ನಿಮ್ಮ ಮನೆಯಲ್ಲಿ ಪಾರ್ವೋದಿಂದ ಮರಿಯೊಂದು ಸತ್ತಿದ್ದರೆ ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಅಲ್ಲಿಗೆ ಲಸಿಕೆಯಾಗದ ಮರಿಯನ್ನು ತರಲೇಬಾರದು. ಊಟ ಬಿಟ್ಟು, ವಾಂತಿ, ರಕ್ತಭೇದಿ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ನಮ್ಮ ಕಡೆ ದೊಡ್ಡ ನಾಯಿಗಳನ್ನು ಕಾಡುವುದು ಉಣ್ಣಿಯಿಂದ ಬರುವ ಜ್ವರ: ನಾಯಿ ಮಂಕಾಗುತ್ತದೆ, ಒಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಬರಲೂಬಹುದು. ರಕ್ತಪರೀಕ್ಷೆಯಲ್ಲಿ ಬೇಗ ಪತ್ತೆಯಾದರೆ ಗುಣವಾಗುತ್ತದೆ.

ಇಷ್ಟೆಲ್ಲ ಆದರೂ ಕೆಲವೊಮ್ಮೆ ಹೊಂದಿಕೆಯಾಗುವುದಿಲ್ಲ. ಆಗ ಪ್ರಾಣಿಯನ್ನು ಅದೇ ಶೆಲ್ಟರಿಗೆ, ಮೊದಲೇ ತಿಳಿಸಿ, ಕಾರಣವನ್ನು ಮುಚ್ಚಿಡದೆ ಮರಳಿಸಿ. ಕಚ್ಚಿದ್ದರೆ ಕಚ್ಚಿತೆಂದೇ ಹೇಳಿ. ಪರಿಚಯದವರಿಗೆ ದಾಟಿಸುವುದು ಒಪ್ಪಂದಕ್ಕೆ ವಿರುದ್ಧವಾಗಬಹುದು, ಹಸಿವು ಬಾಯಾರಿಕೆಯಿಂದ ನರಳುವಂತೆ ರಸ್ತೆಯಲ್ಲಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ.

ದತ್ತು ಪಡೆಯಲಾಗದವರು ಮಾಡಬಹುದಾದದ್ದರಲ್ಲಿ ತಾತ್ಕಾಲಿಕ ಪಾಲನೆ, ಅಂದರೆ ಫಾಸ್ಟರಿಂಗ್, ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನಾನು ತಿಳಿದಿದ್ದೇನೆ, ಏಕೆಂದರೆ ಅದು ಅಂದೇ ಒಂದು ಜಾಗವನ್ನು ಖಾಲಿ ಮಾಡುತ್ತದೆ. ಕಣ್ಣು ತೆರೆಯದ ಬೆಕ್ಕಿನ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲುಣಿಸಬೇಕು. ಹಸುವಿನ ಹಾಲು ಭೇದಿ ತರುವುದರಿಂದ ಮರಿಗಳಿಗೆಂದೇ ಸಿಗುವ ಪುಡಿಯನ್ನು ಬಳಸಬೇಕು, ಮೈ ಬೆಚ್ಚಗಿರದ ಮರಿಗೆ ಹಾಲು ಕುಡಿಸಬಾರದು. ನೂರಾರು ಪ್ರಾಣಿಗಳಿರುವ ಶೆಲ್ಟರಿನಲ್ಲಿ ಇದಕ್ಕೆ ಕೈಗಳಿರುವುದಿಲ್ಲ. ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಹೊಲಿಗೆ ಮಾಯುವವರೆಗೆ ಮನೆಯಲ್ಲಿ ಇರಿಸಿಕೊಳ್ಳುವುದು ಇದಕ್ಕಿಂತ ಸುಲಭ. ಮನೆಯಲ್ಲಿ ಆಗಲೇ ಪ್ರಾಣಿಗಳಿದ್ದರೆ ಬಂದದ್ದನ್ನು ಬೇರೆ ಕೋಣೆಯಲ್ಲಿಡಿ.

ಸ್ವಯಂಸೇವಕರಾಗಿ ಹೋಗುವವರು ರೇಬಿಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಂಡೇ ಹೋಗಬೇಕು, ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪಿನಿಂದ ತೊಳೆದು ಆಸ್ಪತ್ರೆಗೆ ಓಡಬೇಕು. ಭಾನುವಾರ ಬಂದು ಮರಿಗಳೊಡನೆ ಆಡಿಹೋಗುವವರು ಬೇಕಾದಷ್ಟಿದ್ದಾರೆ. ವಾಹನದಲ್ಲಿ ಆಸ್ಪತ್ರೆಗೆ ಒಯ್ಯುವವರು, ವಯಸ್ಸಾದ ನಾಯಿಯ ಒಳ್ಳೆಯ ಫೋಟೋ ತೆಗೆದು ಅದರ ಸ್ವಭಾವವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯುವವರು ಕಡಿಮೆ. ದತ್ತು ಪ್ರಕಟಣೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುವುದರಿಂದ ತುಮಕೂರು, ಹಾಸನಗಳ ಎಷ್ಟೋ ಮನೆಗಳನ್ನು ಅವು ಮುಟ್ಟುವುದೇ ಇಲ್ಲ.

ವಸ್ತು ಕೊಡುವವರು ಫೋನ್ ಮಾಡಿ ಕೇಳಿ ಕೊಡಿ. ಹಳೆಯ ಬೆಡ್‌ಶೀಟು, ಟವೆಲು, ದಿನಪತ್ರಿಕೆ, ಗೋಣಿಚೀಲ ಸದಾ ಬೇಕಾಗುತ್ತವೆ. ಸಿಹಿ ಬಿಸ್ಕತ್ತು ಬೇಕಿಲ್ಲ, ಬೆಕ್ಕುಗಳಿರುವ ಕಡೆ ಫಿನೈಲ್ ಅಪಾಯಕಾರಿ. ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಬಿರಿಯಾನಿ ಹಾಕಿಸುವುದಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ಉಪಯುಕ್ತ, ಏಕೆಂದರೆ ಪಾಲಕರ ಸಂಬಳ, ಔಷಧಿ, ಜಾಗದ ಬಾಡಿಗೆ ತಿಂಗಳಿಗೊಮ್ಮೆ ಬರುತ್ತವೆ. ದತ್ತು ಹೋಗುವ ಸಾಧ್ಯತೆಯೇ ಇಲ್ಲದ ಕುರುಡು, ಮುದಿ ನಾಯಿಯ ಖರ್ಚನ್ನು ವಹಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿ ನೋಡಿ. 80ಜಿ ಎಂದು ಪರಿಚಿತವಾದ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ನೋಂದಾಯಿತ ಸಂಸ್ಥೆಗೆ ಕೊಟ್ಟಾಗ ಮಾತ್ರ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೂ ಅಕ್ಕಿ, ಔಷಧಿಯ ರೂಪದ ಕೊಡುಗೆಗೂ ಅದು ಅನ್ವಯಿಸದು. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ, ಆದರೆ ಅಲ್ಲಿಯ ಪೌರತ್ವ ಪಡೆದವರ ಹಣವನ್ನು, ಅವರ ಬಳಿ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿಯಿರುವ ಸಂಸ್ಥೆಗಳು ಮಾತ್ರ ಪಡೆಯಬಹುದಾದ್ದರಿಂದ ಕಳಿಸುವ ಮುನ್ನ ಸಂಸ್ಥೆಯವರಿಗೆ ನಿಮ್ಮ ಪೌರತ್ವವನ್ನು ತಿಳಿಸಿ.

ಕೊನೆಯದಾಗಿ ಬೀದಿಯ ನಾಯಿಗಳ ವಿಷಯ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ನಾಯಿಗೆ ಸಂತಾನಹರಣವಾಗಿದೆ ಎಂದರ್ಥ. ಅದು ಆರೋಗ್ಯವಾಗಿದ್ದು ಯಾರ ತಂಟೆಗೂ ಹೋಗದಿದ್ದರೆ ಅದನ್ನು ಶೆಲ್ಟರಿಗೆ ಸೇರಿಸಲು ಒತ್ತಾಯಿಸಬೇಡಿ. ಗುರುತಿಲ್ಲದ ನಾಯಿಯಾದರೆ ಪಾಲಿಕೆಯ ಪಶುಸಂಗೋಪನಾ ವಿಭಾಗಕ್ಕೆ ದೂರು ಕೊಟ್ಟು ಸಂತಾನಹರಣಕ್ಕೆ ಒಯ್ಯಿಸಿ. ಗಾಯಗೊಂಡದ್ದನ್ನು ಕಂಡರೆ ಜಾಗ, ಗುರುತು, ವಿಡಿಯೋ ಸಹಿತ ಶೆಲ್ಟರಿಗೆ ಕರೆಮಾಡಿ, ವಾಹನ ಬರುವವರೆಗೆ ಅಲ್ಲೇ ನಿಲ್ಲಿ. ಕರೆಮಾಡಿದವರು ಹೊರಟುಹೋಗಿ, ನಾಯಿಯೂ ಸಿಗದೆ ವಾಹನ ಖಾಲಿ ಹಿಂದಿರುಗಿದರೆ, ಆ ಹೊತ್ತಿನಲ್ಲಿ ಅದು ಹೋಗಬಹುದಾಗಿದ್ದ ಇನ್ನೊಂದು ಜಾಗವೂ ತಪ್ಪಿಹೋಗುತ್ತದೆ.