ವಿಡಿಯೊ ನಾಲ್ಕು ನಿಮಿಷಕ್ಕೆ ನಿಂತುಹೋಗುತ್ತಿದೆಯೇ? ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ ಹೊಂದಿಸುವ ಕ್ರಮ

ಕಾಲೇಜಿನ ಸಭಾಂಗಣದಲ್ಲಿ ನಡೆಯುವ ಉಪನ್ಯಾಸ ಎಲ್ಲ ತರಗತಿಗಳ ಟಿವಿಯಲ್ಲೂ ಬರಬೇಕು, ಸಿಸಿಟಿವಿ ದೃಶ್ಯ ಮೂರು ನಾಲ್ಕು ಕಡೆ ಒಟ್ಟಿಗೆ ಕಾಣಬೇಕು ಎಂದರೆ ಮಲ್ಟಿಕಾಸ್ಟೇ ಸರಿಯಾದ ದಾರಿ. ಮೂಲದಿಂದ ಒಂದೇ ಪ್ರತಿ ಹೊರಡುತ್ತದೆ, ಕೇಳಿದವರಿಗೆಲ್ಲ ನೆಟ್‌ವರ್ಕ್ ಸ್ವಿಚ್ ಅದನ್ನು ಹಂಚುತ್ತದೆ. ಆದರೆ ಕೇಳಿದವರು ಯಾರೆಂದು ಸ್ವಿಚ್‌ಗೆ ತಿಳಿಯದಿದ್ದರೆ ಎಲ್ಲ ಪೋರ್ಟಿಗೂ ಸುರಿದುಬಿಡುತ್ತದೆ. ತಲಾ 4 ಎಂಬಿಪಿಎಸ್ ಕಳಿಸುವ 30 ಕ್ಯಾಮೆರಾ ಇದ್ದರೆ ಒಟ್ಟು 120 ಎಂಬಿಪಿಎಸ್. 100 ಎಂಬಿಪಿಎಸ್ ಪೋರ್ಟಿನಲ್ಲಿರುವ ಪ್ರಿಂಟರ್, ಹಳೆಯ ಐಪಿ ಫೋನ್‌ಗಳ ಕಥೆ ಅಲ್ಲಿಗೆ ಮುಗಿಯಿತು.

ಇದನ್ನು ತಡೆಯುವುದು ಐಜಿಎಂಪಿ ಸ್ನೂಪಿಂಗ್, ಅಂದರೆ ಯಾವ ಪೋರ್ಟಿನವರು ಯಾವ ವಿಡಿಯೊ ಕೇಳಿದರು ಎಂಬುದನ್ನು ಸ್ವಿಚ್ ಕದ್ದು ಕೇಳಿ ಬರೆದಿಟ್ಟುಕೊಳ್ಳುವುದು. ಇನ್‌ಸ್ಟಾಲ್ ಮಾಡಲು ಬಂದವರು ಇದೊಂದನ್ನು ಆನ್ ಮಾಡಿ, ಟಿವಿಯಲ್ಲಿ ಚಿತ್ರ ಬಂದದ್ದು ನೋಡಿ ಹೊರಟುಬಿಡುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಅದು ಅರ್ಧ ಕೆಲಸ ಮಾತ್ರ.

ವಿಲ್ಯಾನ್ ಮತ್ತು ವಿಳಾಸ

ವಿಡಿಯೊಗೆ ಪ್ರತ್ಯೇಕ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಒಳ ನೆಟ್‌ವರ್ಕ್) ಮಾಡಿ, ಅದರ ಸಂಖ್ಯೆ 20 ಎಂದಿಟ್ಟುಕೊಳ್ಳೋಣ. ಒಂದೊಂದು ವಿಡಿಯೊಗೂ ಒಂದು ಗುಂಪು, ಅದಕ್ಕೊಂದು ಐಪಿ ವಿಳಾಸ; ಈ ಗುಂಪಿನ ವಿಳಾಸಗಳನ್ನು ಖಾಸಗಿ ಬಳಕೆಗೆಂದೇ ಇರುವ 239ರ ಸಾಲಿನಿಂದ ಆರಿಸಿ. ಆದರೆ 239.0.0 ಮತ್ತು 239.128.0 ಎಂದು ಶುರುವಾಗುವವು ಬೇಡವೇ ಬೇಡ. ಐಪಿ ವಿಳಾಸದ ಜೊತೆಗೆ ಪ್ರತಿ ಗುಂಪಿಗೂ ಮ್ಯಾಕ್ ಎಂಬ ಹಾರ್ಡ್‌ವೇರ್ ಮಟ್ಟದ ವಿಳಾಸವಿರುತ್ತದೆ; ಅದರಲ್ಲಿ ಗುಂಪಿಗೆ ಸಿಗುವುದು 23 ಬಿಟ್ ಮಾತ್ರ, ಹಾಗಾಗಿ 32 ಐಪಿ ಗುಂಪುಗಳು ಒಂದೇ ಮ್ಯಾಕ್ ಹಂಚಿಕೊಳ್ಳುತ್ತವೆ. ಈ ಎರಡು ಸಾಲುಗಳ ಮ್ಯಾಕ್, ನೆಟ್‌ವರ್ಕ್ ತನ್ನ ಸ್ವಂತ ಕೆಲಸಕ್ಕೆ ಬಳಸುವ 224.0.0 ಸಾಲಿನ ಮ್ಯಾಕ್‌ ಜೊತೆ ಒಂದೇ ಆಗಿಬಿಡುತ್ತದೆ. ಆ ಸಾಲನ್ನು ಸ್ವಿಚ್ ಎಲ್ಲ ಪೋರ್ಟಿಗೂ ಕಳಿಸಲೇಬೇಕಾದ್ದರಿಂದ, ಮ್ಯಾಕ್ ನೋಡಿ ಕೆಲಸ ಮಾಡುವ ಸ್ವಿಚ್‌ಗಳಲ್ಲಿ ನಿಮ್ಮ ವಿಡಿಯೊ ಕೂಡ ಎಲ್ಲೆಡೆ ಹರಿಯುತ್ತದೆ. 239.10.20.1ರಿಂದ ಆರಂಭಿಸಿದರೆ ಈ ತೊಂದರೆಯಿಲ್ಲ.

ಸ್ನೂಪಿಂಗ್

ಆನ್ ಮಾಡಿ. ಎಷ್ಟೋ ಸ್ವಿಚ್‌ಗಳಲ್ಲಿ ಮೊದಲೇ ಆನ್ ಆಗಿರುತ್ತದೆ.

ಕ್ವೆರಿಯರ್: ಎಡವುವುದು ಇಲ್ಲೇ

ಟಿವಿ ಆನ್ ಆದಾಗ 'ಈ ಗುಂಪು ನನಗೆ ಬೇಕು' ಎಂದು ತಾನಾಗಿಯೇ ಹೇಳುತ್ತದೆ, ಸ್ವಿಚ್ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಯಾರಾದರೂ ಕೇಳಿದರೆ ಮಾತ್ರ ಅದು ಮತ್ತೆ ಹೇಳುವುದು. ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗುವ ಹಾಗೆ, ಒಬ್ಬರು ಆಗಾಗ ಕೇಳುತ್ತಿರಬೇಕು. ಆ ಕೆಲಸ ಕ್ವೆರಿಯರ್‌ನದು. ಸಾಮಾನ್ಯ ಲೆಕ್ಕದಲ್ಲಿ 125 ಸೆಕೆಂಡಿಗೊಮ್ಮೆ ಪ್ರಶ್ನೆ, ಉತ್ತರಕ್ಕೆ 10 ಸೆಕೆಂಡ್ ಗಡುವು. ಎರಡು ಸುತ್ತು ಕಳೆದು ಗಡುವೂ ಮೀರಿದರೆ, ಅಂದರೆ 260 ಸೆಕೆಂಡಿಗೆ, ಸ್ವಿಚ್ ಆ ಹೆಸರು ಅಳಿಸಿಹಾಕುತ್ತದೆ. ಕ್ವೆರಿಯರ್ ಇಲ್ಲದ ಕಡೆ ವಿಡಿಯೊ ನಾಲ್ಕು ನಿಮಿಷ ಚೆನ್ನಾಗಿ ಓಡಿ ನಿಲ್ಲುವುದು ಇದಕ್ಕೇ. ಟಿವಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತದೆ, ಹಾಗಾಗಿ ಜನ ಟಿವಿಯನ್ನು ಅನುಮಾನಿಸುತ್ತಾರೆ, ಕೇಬಲ್ ಬದಲಿಸುತ್ತಾರೆ. ಕೊನೆಗೆ ಬೇಸತ್ತು ಸ್ನೂಪಿಂಗನ್ನೇ ಆಫ್ ಮಾಡುತ್ತಾರೆ. ದಯವಿಟ್ಟು ಆ ಅಡ್ಡದಾರಿ ಹಿಡಿಯಬೇಡಿ. ವಿಡಿಯೊ ಬರುತ್ತದೆ, ಉಳಿದ ನೆಟ್‌ವರ್ಕ್ ಸೊರಗುತ್ತದೆ.

ಮಲ್ಟಿಕಾಸ್ಟ್ ರೌಟರ್ ಇದ್ದರೆ ಪ್ರಶ್ನೆ ಕೇಳುವ ಕೆಲಸ ಅದೇ ಮಾಡುತ್ತದೆ. ಇಲ್ಲದಿದ್ದರೆ ಸ್ವಿಚ್‌ಗೆ ಈ ಕೆಲಸ ಒಪ್ಪಿಸಿ: ಸಿಸ್ಕೊದಲ್ಲಿ 'ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೆರಿಯರ್' ಕಮಾಂಡ್. ಅದಕ್ಕೂ ಮೊದಲು ವಿಲ್ಯಾನ್ 20ಕ್ಕೆ ಐಪಿ ವಿಳಾಸ ಕೊಟ್ಟಿರಬೇಕು. ಇಲ್ಲದಿದ್ದರೆ ಕೆಲವು ಸ್ವಿಚ್‌ಗಳಲ್ಲಿ ಕ್ವೆರಿಯರ್ ಶುರುವೇ ಆಗುವುದಿಲ್ಲ, ಕೆಲವು 0.0.0.0 ವಿಳಾಸದಿಂದ ಪ್ರಶ್ನೆ ಕಳಿಸುತ್ತವೆ, ಅದನ್ನು ಲೆಕ್ಕಿಸದ ಉಪಕರಣಗಳೂ ಇವೆ.

ಯಾವ ಸ್ವಿಚ್‌ಗೆ ಒಪ್ಪಿಸಬೇಕು? ಉಳಿದ ಸ್ವಿಚ್‌ಗಳೆಲ್ಲ ಬಂದು ಸೇರುವ ನಡುವಿನ ಕೋರ್ ಸ್ವಿಚ್‌ಗೇ, ಎರಡನೇ ಮಾತಿಲ್ಲ. ಯಾರು ಕೇಳಲಿ ಬಿಡಲಿ, ಎಲ್ಲ ಗುಂಪುಗಳ ದಟ್ಟಣೆಯೂ ಕ್ವೆರಿಯರ್ ಇರುವ ದಿಕ್ಕಿಗೆ ಹರಿಯುತ್ತದೆ. ಮೂರನೇ ಮಹಡಿಯ ಮೂಲೆಯ ಸ್ವಿಚ್ ಕ್ವೆರಿಯರ್ ಆದರೆ 30 ಕ್ಯಾಮೆರಾಗಳ ಹೊರೆಯೆಲ್ಲ ಅದನ್ನು ಉಳಿದ ನೆಟ್‌ವರ್ಕಿಗೆ ಜೋಡಿಸುವ ಆ ಒಂದು ಅಪ್‌ಲಿಂಕ್ ಮೇಲೆ ಬೀಳುತ್ತದೆ. ಎರಡು ಕಡೆ ಕ್ವೆರಿಯರ್ ಆನ್ ಆಗಿದ್ದರೆ ಚಿಕ್ಕ ಐಪಿ ವಿಳಾಸ ಇರುವವರಿಗೇ ಅಧಿಕಾರ. ಆದ್ದರಿಂದ ಆ ವಿಲ್ಯಾನ್‌ನಲ್ಲಿ ಕೋರ್‌ಗೇ ಅತಿ ಚಿಕ್ಕ ವಿಳಾಸ ಕೊಡಿ, ಉದಾಹರಣೆಗೆ 10.20.0.1.

ಅಗ್ಗದ 'ಸ್ಮಾರ್ಟ್' ಸ್ವಿಚ್ ಕೊಳ್ಳುವಾಗ ಡಬ್ಬಿಯ ಮೇಲೆ ಸ್ನೂಪಿಂಗ್ ಎಂದಿದ್ದರೆ ಸಾಲದು. ಕ್ವೆರಿಯರ್ ಇಲ್ಲದ ಮಾದರಿಗಳು ಬಹಳ. ಅವನ್ನು ಕೋರ್‌ಗೆ ಹಾಕಬೇಡಿ.

ಫಾಸ್ಟ್ ಲೀವ್

ಒಬ್ಬರು 'ಸಾಕು' ಎಂದ ಕೂಡಲೇ, ಬೇರೆ ಯಾರಿಗಾದರೂ ಬೇಕೇ ಎಂದು ಕೇಳದೆ, ಆ ಪೋರ್ಟಿಗೆ ವಿಡಿಯೊ ನಿಲ್ಲಿಸುವ ಸೌಲಭ್ಯ ಇದು. ಚಾನೆಲ್ ಬೇಗ ಬದಲಾಗಲಿ ಎಂದು ಇದನ್ನು ಎಲ್ಲ ಪೋರ್ಟಿನಲ್ಲೂ ಆನ್ ಮಾಡುವವರಿದ್ದಾರೆ. ಒಂದೇ ಟಿವಿ ಇರುವ ಪೋರ್ಟಿನಲ್ಲಿ ಮಾತ್ರ ಮಾಡಿ. ಕೆಳಗೆ ಇನ್ನೊಂದು ಸ್ವಿಚ್ ಇದ್ದರೆ, ಒಬ್ಬರು ಬಿಟ್ಟ ಕೂಡಲೇ ಉಳಿದವರ ಚಿತ್ರವೂ ಕಡಿದುಹೋಗುತ್ತದೆ.

ಪರೀಕ್ಷೆ

ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ಒಂದು ಸ್ಟ್ರೀಮ್ ಹಚ್ಚಿ, ಬೇರೊಂದು ಸ್ವಿಚ್‌ನಲ್ಲಿರುವ ಕಂಪ್ಯೂಟರ್‌ನಲ್ಲಿ ನೋಡಿ. ಅದೇ ಸ್ವಿಚ್‌ನಲ್ಲಿ ನೋಡಿದರೆ ಪರೀಕ್ಷೆ ಅಪೂರ್ಣ. ಹತ್ತು ನಿಮಿಷವಾದರೂ ಓಡಲಿ. ಎರಡು ನಿಮಿಷಕ್ಕೇ ಕೆಲಸ ಮುಗಿಯಿತೆನ್ನಬೇಡಿ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ 224.0.0.1ಕ್ಕೆ ಹೋಗುವ ಪ್ರಶ್ನೆ ಸುಮಾರು ಎರಡು ನಿಮಿಷಕ್ಕೊಮ್ಮೆಯಾದರೂ ಕಾಣಬೇಕು, ಕಳಿಸಿದವರ ವಿಳಾಸ ಕೋರ್ ಸ್ವಿಚ್‌ನದೇ ಆಗಿರಬೇಕು. ಆ ಗುಂಪು ಕೇಳದ ಪೋರ್ಟಿಗೂ ಲ್ಯಾಪ್‌ಟಾಪ್ ಹಚ್ಚಿ; ಅಲ್ಲಿ ವಿಡಿಯೊ ಪ್ಯಾಕೆಟ್ ಕಾಣಬಾರದು.

ನಂತರ ಕಾನ್ಫಿಗರೇಷನ್ ಸೇವ್ ಮಾಡಿ, ಕೋರ್ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಕರೆಂಟ್ ಹೋಗಿ ಬಂದ ಮೇಲೂ ಕ್ವೆರಿಯರ್ ಅದೇ ಇದ್ದರೆ ರ್‍ಯಾಕ್‌ನ ಬಾಗಿಲು ಹಾಕಬಹುದು.