ಬ್ಯಾಂಡ್‌ನ ಪಾಪ್ ಹಾಡು: ರೆಕಾರ್ಡಿಂಗ್ ಹೇಗೆ?

ಸ್ಟುಡಿಯೋಗೆ ಹೋಗುವ ಮುನ್ನವೇ ಹಾಡಿನ ಶ್ರುತಿ, ವೇಗ ಗಟ್ಟಿಯಾಗಿರಲಿ. ಕೋರಸ್‌ನ (ಮತ್ತೆ ಮತ್ತೆ ಬರುವ ಪಲ್ಲವಿಯ) ಅತಿ ಎತ್ತರದ ಸಾಲನ್ನು ಗಾಯಕರು ಸತತ ಐದು ಸಲ ಹಾಡಿ ನೋಡಲಿ. ಗಂಟಲು ಬಿಗಿದರೆ ಶ್ರುತಿ ಇಳಿಸಿ. ಒಂದು ನಿಮಿಷದೊಳಗೆ ಕೋರಸ್ ಬರದಿದ್ದರೆ ಆರಂಭದ ವಾದ್ಯಭಾಗಕ್ಕೆ ಕತ್ತರಿ ಹಾಕಿ.

ಕ್ಲಿಕ್ (ವೇಗ ತೋರುವ ಟಿಕ್‌ಟಿಕ್ ಸದ್ದು) ಜೊತೆ ಗಿಟಾರ್, ಗಾಯನದ ಕಚ್ಚಾ ಟ್ರ್ಯಾಕ್ ಮಾಡಿಕೊಂಡು, ಅದನ್ನು ಕೇಳುತ್ತ ಡ್ರಮ್ಸ್ ನುಡಿಸಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಡ್ರಮ್ಸ್ ಮೇಲೆ ತೂಗುವ ಎರಡು ಓವರ್‌ಹೆಡ್ ಮೈಕ್‌ಗಳೂ ಸ್ನೇರ್‌ನ (ಚುರುಕು ಸದ್ದಿನ ಚಿಕ್ಕ ಡ್ರಮ್) ನಟ್ಟನಡುವಿನಿಂದ ಒಂದೇ ದೂರದಲ್ಲಿರಬೇಕು. ದಾರ ಹಿಡಿದು ಅಳೆಯಿರಿ, ಕಣ್ಣಂದಾಜು ಸಾಲದು. 34 ಸೆಂ.ಮೀ. ವ್ಯತ್ಯಾಸವಾದರೆ ಸದ್ದು ಒಂದು ಮೈಕ್‌ಗೆ ಸುಮಾರು 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಬೆರೆತಾಗ ಸ್ನೇರ್ ತೆಳ್ಳಗೆ, ಟೊಳ್ಳಾಗಿ ಕೇಳುತ್ತದೆ. ಟ್ರ್ಯಾಕ್‌ಗಳನ್ನು ಬೆರೆಸುವ ಮಿಕ್ಸಿಂಗ್‌ನಲ್ಲಿ ಎಷ್ಟೇ ತಿದ್ದಿದರೂ ಇದು ಪೂರ್ತಿ ಸರಿಹೋಗದು. ಅತಿ ಜೋರಿನ ಪೆಟ್ಟೂ ರೆಕಾರ್ಡಿಂಗ್ ಮೀಟರ್‌ನಲ್ಲಿ ಮೈನಸ್ 10 ಡಿಬಿ (ಡೆಸಿಬಲ್) ದಾಟದಿರಲಿ.

ಆಮೇಲೆ ಬೇಸ್ ಗಿಟಾರ್ ನುಡಿಸಿ.

ರಿದಂ ಗಿಟಾರನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಿ. ಒಂದೇ ಟ್ರ್ಯಾಕನ್ನು ನಕಲು ಮಾಡಿದರೆ ಅಗಲ ಬಾರದು, ಸದ್ದು ನಡುವೆಯೇ ನಿಲ್ಲುತ್ತದೆ. ಕೋರಸ್ ಗಾಯನಕ್ಕೂ ಇದೇ ನಿಯಮ: ನಿಜವಾಗಿ ಎರಡು ಸಲ ಹಾಡಿ. ಆ ಶ್ರಮ ತಪ್ಪಿಸಲೆಂದೇ 1966ರಲ್ಲಿ ಲಂಡನ್‌ನ ಇಎಂಐ ಸ್ಟುಡಿಯೋದಲ್ಲಿ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಅವರು ಬೀಟಲ್ಸ್‌ಗಾಗಿ ಟೇಪ್ ಯಂತ್ರದಿಂದ ಜೋಡಿದನಿ ತೆಗೆದರು; ಚೆಂದವೇ, ಆದರೆ ಅದರ ಬಣ್ಣ ಬೇರೆ. ಎರಡನೆಯ ದನಿಯಲ್ಲಿ ಪದದ ಕೊನೆಯ ‘ಸ’, ‘ತ’ಗಳನ್ನು ಮೆಲ್ಲಗೆ ಉಚ್ಚರಿಸಿ, ಇಲ್ಲವಾದರೆ ಅವು ಹಿಂದುಮುಂದಾಗಿ ಎರಡೆರಡು ಸಲ ಕೇಳಿಸುತ್ತವೆ.