ಹೀರೆ ಹೀಚು ಉದುರುತ್ತಿದ್ದರೆ ಮೊದಲು ಗಡಿಯಾರ ನೋಡಿ

ತಾರಸಿಯಲ್ಲಿ ಹೀರೆ ಹಾಕಿದವರ ದೂರು ಹೆಚ್ಚುಕಮ್ಮಿ ಒಂದೇ. ಬಳ್ಳಿ ಸೊಂಪಾಗಿ ಹಬ್ಬಿದೆ, ಹೂವೂ ಬಿಡುತ್ತೆ, ಆದರೆ ಕಿರುಬೆರಳುದ್ದದ ಹೀಚು ತುದಿಯಿಂದ ಹಳದಿ ತಿರುಗಿ, ಮುದುರಿ, ಉದುರಿಹೋಗುತ್ತೆ. ಕೂಡಲೇ ಇನ್ನೊಂದಿಷ್ಟು ಗೊಬ್ಬರ ಸುರಿಯುತ್ತಾರೆ. ಬಹಳ ಸಲ ಕೊರತೆ ಇರೋದು ಗೊಬ್ಬರದ್ದಲ್ಲ, ಪರಾಗದ್ದು. ಬೆಂಗಳೂರಿನ ಮೂರು-ನಾಲ್ಕನೇ ಮಹಡಿಗೆ ಬೆಳಿಗ್ಗೆ ಜೇನ್ನೊಣ ಬಂದರೂ ಹೀರೆಗೆ ಅದರಿಂದ ಉಪಯೋಗ ಕಡಿಮೆ, ಏಕೆಂದರೆ ಹೀರೆ ಹೂ ಅರಳೋದೇ ಸಂಜೆ.

ಹಾಗಾಗಿ ನಾನು ಹೀರೆಯ ಹತ್ತಿರ ಹೋಗೋದು ಸಂಜೆ 5ರಿಂದ 7ರ ನಡುವೆ. ಸೋರೆಯ ಬಿಳಿ ಹೂವಿಗೂ ಮುಸ್ಸಂಜೆಯೇ ಹೊತ್ತು. ತುಪ್ಪದ ಹೀರೆ, ಹಾಗಲ, ಸೌತೆ, ಕುಂಬಳ ಮಾತ್ರ ಬೆಳಗಿನವು. ಇವನ್ನು 9 ಗಂಟೆಯೊಳಗೆ ಮುಗಿಸಬೇಕು, ಬಿಸಿಲೇರಿದರೆ ಪರಾಗ ಒಣಗುತ್ತೆ. ಹೀರೆ, ತುಪ್ಪದ ಹೀರೆ ಒಂದೇ ಕುಲದವಾದರೂ ಹೊತ್ತು ಬೇರೆ. ಜನ ಎಡವೋದು ಹೆಚ್ಚಾಗಿ ಇಲ್ಲೇ.

ಹೆಣ್ಣು ಹೂವಿನ ಬುಡದಲ್ಲಿ ಸಣ್ಣ ಕಾಯಿಯ ಆಕಾರ ಇರುತ್ತೆ. ಗಂಡು ಹೂವಿಗೆ ಬರೀ ತೊಟ್ಟು. ಹೀರೆಯಲ್ಲಿ ಅವು ಗೊಂಚಲಾಗಿ ಬರುತ್ತವೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಕೇಸರವನ್ನು ಬೆರಳಿಗೆ ತಾಗಿಸಿ ನೋಡಿ. ಅರಿಶಿನದ ಹಾಗೆ ಪುಡಿ ಅಂಟಿದರೆ ಸಿದ್ಧ, ಅಂಟದಿದ್ದರೆ ಹತ್ತು-ಹದಿನೈದು ನಿಮಿಷ ಕಾಯಿರಿ. ಹೆಣ್ಣು ಹೂವಿನ ಮಧ್ಯೆ ಮೂರು ಹೋಳಾಗಿರುವ, ಸ್ವಲ್ಪ ಜಿಗುಟಾದ ಭಾಗದ ಮೇಲೆ ಮೂರು ಹೋಳಿಗೂ ತಾಗುವಂತೆ ಮೆಲ್ಲಗೆ ಸವರಬೇಕು. ಒಂದೇ ಕಡೆ ಸವರಿದರೆ ಕಾಯಿ ಸೊಟ್ಟಗಾಗುವ ಸಂಭವ ಹೆಚ್ಚು. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಧಾರಾಳ. ಮಳೆ ಬರುವ ಲಕ್ಷಣವಿದ್ದರೆ ಹೂವಿನ ಮೇಲೆ ಸಣ್ಣ ಪೇಪರ್ ಕಪ್ ಬೋರಲು ಹಾಕಿ ದಾರದಲ್ಲಿ ಸಿಕ್ಕಿಸಿ. ಎರಡು-ಮೂರು ದಿನದಲ್ಲಿ ಹೀಚು ದಪ್ಪಗಾಗಿ ಕೆಳಗೆ ಬಾಗಿದರೆ ಕಟ್ಟಿತು ಅಂತ.

ಹೆಣ್ಣು ಹೂವೇ ಇಲ್ಲ ಅನ್ನೋದು ಬೇರೆ ಸಮಸ್ಯೆ. ಮೊದಮೊದಲು ಬರೀ ಗಂಡು ಹೂ ಬರೋದು ಸಹಜ, ಅದಕ್ಕೆ ಗಾಬರಿ ಬೇಡ. ಆಮೇಲೂ ಹಾಗೇ ಇದ್ದು ಎಲೆ ಕಡು ಹಸಿರಾಗಿ ಅಗಲವಾಗಿದ್ದರೆ ಸಾರಜನಕ ಜಾಸ್ತಿಯಾಗಿದೆ: ಯೂರಿಯಾ, ಸೆಗಣಿ ನೀರು, ಹಿಂಡಿ ನೆನೆಸಿದ ನೀರು ಎಲ್ಲ ನಿಲ್ಲಿಸಿ. ಕುಂಡದ ಅಂಚಿಗೆ ಒಂದು ಹಿಡಿ ಸೌದೆ ಬೂದಿ ತಿಂಗಳಿಗೊಮ್ಮೆ ಸಾಕು. ಪದೇ ಪದೇ ಹಾಕಿದರೆ ಮಣ್ಣು ಕ್ಷಾರವಾಗುತ್ತೆ. ಬಳ್ಳಿ ಆರೇಳು ಅಡಿ ಆದಾಗ ಕುಡಿ ಚಿವುಟಿ. ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಹೆಚ್ಚು. ಸೋರೆಯಲ್ಲಿ ಇದರ ಫಲ ಎದ್ದು ಕಾಣುತ್ತೆ.

ಕುಂಡದ ಲೆಕ್ಕ ಸರಳ. ಒಂದು ಬಳ್ಳಿಗೆ 20 ಲೀಟರ್ ಪೇಂಟ್ ಬಕೆಟ್ ಕನಿಷ್ಠ. ಸೋರೆ, ಕುಂಬಳಕ್ಕೆ ಅರ್ಧ ಡ್ರಮ್. ಕೆಂಪು ಮಣ್ಣು, ಎರೆಗೊಬ್ಬರ, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ, ಜೊತೆಗೆ 100 ಗ್ರಾಂ ಬೇವಿನ ಹಿಂಡಿ. ಕೋಕೋಪೀಟ್ ತೊಳೆಯದಿದ್ದರೆ ಅದರ ಉಪ್ಪಿನಂಶಕ್ಕೆ ಎಲೆಯಂಚು ಸುಡುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್, ಅರ್ಕಾ ಸುಜಾತ್ ಹೀರೆಗೆ ಒಳ್ಳೆಯ ತಳಿಗಳು. ಬೀಜ ರಾತ್ರಿ ನೆನೆಸಿ, ಒಂದಿಂಚು ಆಳದಲ್ಲಿ, ಕುಂಡದಲ್ಲೇ ನೇರವಾಗಿ ಊರಿ. ಬೇರು ಅಲುಗಿಸಿದರೆ ಈ ಜಾತಿಯ ಗಿಡಗಳು ಬೇಗ ಚೇತರಿಸಿಕೊಳ್ಳಲ್ಲ.

ಹೀಚು ಕಟ್ಟಿದ ಮೇಲಿನ ಶತ್ರು ಹಣ್ಣು ನೊಣ. ಎಳೆಗಾಯಿಯ ಮೇಲೆ ಜೇನಿನ ಬಣ್ಣದ ಅಂಟು ಹನಿ ಕಂಡರೆ ಅಲ್ಲಿ ನೊಣ ಮೊಟ್ಟೆಯಿಟ್ಟಿದೆ. ಆ ಜಾಗ ಬೆಳೆಯದೆ ಕಾಯಿ ಅಲ್ಲೇ ಬಾಗುತ್ತೆ, ಒಳಗೆ ಬಿಳಿ ಹುಳ. ಅಂಗಡಿಯಲ್ಲಿ 'ಹಣ್ಣು ನೊಣದ ಟ್ರ್ಯಾಪ್' ಅಂತ ಕೇಳಿದರೆ ಎಷ್ಟೋ ಸಲ ಮಾವಿಗೆ ಹಾಕುವ, ನೊಣ ಸೆಳೆಯುವ ಮಿಥೈಲ್ ಯೂಜಿನಾಲ್ ಆಮಿಷ ಕೊಟ್ಟು ಕಳಿಸುತ್ತಾರೆ. ಹೀರೆ, ಸೋರೆ ಜಾತಿಯ ಬಳ್ಳಿಗಳನ್ನು ಕಾಡುವ ನೊಣ ಅದಕ್ಕೆ ಬರಲ್ಲ, ಕ್ಯೂಲೂರ್ ಅನ್ನೋ ಬೇರೆ ಆಮಿಷ ಬೇಕು. ಅದೂ ಹಿಡಿಯೋದು ಗಂಡು ನೊಣಗಳನ್ನು ಮಾತ್ರ. ಆದ್ದರಿಂದ ಟ್ರ್ಯಾಪ್ ನಂಬಿ ಕೂರದೆ, ಹೀಚು ಕಟ್ಟಿದ್ದು ಖಾತ್ರಿಯಾದ ತಕ್ಷಣ ಸೊಳ್ಳೆ ಪರದೆ ಬಟ್ಟೆಯ ಚೀಲ ಸಡಿಲವಾಗಿ ಕಟ್ಟುತ್ತೇನೆ. ಬಟ್ಟೆ ಕಾಯಿಗೆ ತಾಗಿದ್ದರೆ ನೊಣ ಮೇಲಿಂದಲೇ ಚುಚ್ಚುತ್ತೆ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ಡಬ್ಬಕ್ಕೆ ಹಾಕಬೇಡಿ, ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತೆ. ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಬಿಗಿದು, ಒಂದು ವಾರ ಸುಡುಬಿಸಿಲಲ್ಲಿಡಿ.

ಹೀರೆಕಾಯಿಯ ಏಣುಗಳಿಗೆ ಉಗುರು ಸಲೀಸಾಗಿ ಇಳಿಯುವಾಗಲೇ ಕೊಯ್ಯಿರಿ. ಒಂದು ಕಾಯಿ ಬಲಿಯಲು ಬಿಟ್ಟರೂ ಹೊಸ ಹೀಚು ಕಟ್ಟೋದು ತಗ್ಗುತ್ತೆ. ಹೆಚ್ಚುವ ಮುಂಚೆ ಚೂರು ತುಂಡು ನಾಲಗೆಗೆ ಮುಟ್ಟಿಸಿ ಉಗುಳಿ. ನೀರು ಸಾಲದೆ ಸೊರಗಿದ ಬಳ್ಳಿಯಲ್ಲಿ, ಕಸದಲ್ಲಿ ತಾನೇ ಹುಟ್ಟಿದ ಗಿಡದಲ್ಲಿ ಕಹಿ ಕಾಯಿ ಬರಬಹುದು. ಕಹಿ ಸೋರೆ, ಕಹಿ ಹೀರೆ ವಿಷ, ಬೇಯಿಸಿದರೂ ಹೋಗಲ್ಲ. ಪೂರ್ತಿ ಕಾಯಿ ಎಸೆಯಿರಿ, ಆ ಬಳ್ಳಿಯ ಬೀಜವನ್ನೂ ಇಡಬೇಡಿ.